ನೀವು ಬರೆದ ಇಂಗ್ಲಿಷ್ ಎಲ್ಲಿ ಕೈಕೊಟ್ಟಿದೆ? ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಇದು ಇಂಗ್ಲಿಷ್ ಕಲಿಸುವ ಪಾಠವಲ್ಲ. ಇಂಗ್ಲಿಷ್ ತಕ್ಕಮಟ್ಟಿಗೆ ಬರುತ್ತದೆ, ಕಾಗದ ಬರೆದೂ ಆಗಿದೆ, ಆದರೆ ಅದರಲ್ಲಿ ಎಲ್ಲೋ ಏನೋ ಸರಿ ಇಲ್ಲ ಅನ್ನಿಸುತ್ತಿದೆ, ಎಲ್ಲಿ ಎಂಬುದು ಮಾತ್ರ ಹೊಳೆಯುತ್ತಿಲ್ಲ. ಅಂಥವರಿಗೆ ಬರೆದದ್ದು. ವಿಜಯಪುರದಿಂದ ಒಣದ್ರಾಕ್ಷಿಯ ದರ ಬರೆದು ಮೇಲ್ ಕಳಿಸುವವರು, ಬೆಳಗಾವಿಯ ಉದ್ಯಮಬಾಗದಲ್ಲಿ ಕೊಟೇಶನ್ ಟೈಪ್ ಮಾಡುವವರು, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪ್ರಾಜೆಕ್ಟ್ ರಿಪೋರ್ಟ್ ಮುಗಿಸಲು ಕುಳಿತ ಹುಡುಗರು, ಬಾಗಲಕೋಟೆಯ ನವನಗರದಲ್ಲಿ ಝೆರಾಕ್ಸ್ ಅಂಗಡಿಯ ಮುಂದೆ ಅರ್ಜಿ ಹಿಡಿದು ನಿಂತವರು, ಎಲ್ಲರ ತೊಂದರೆಯೂ ಹೆಚ್ಚುಕಡಿಮೆ ಒಂದೇ ಜಾತಿಯದು.

ನಾನು ಕಂಡಂತೆ ಈ ತಪ್ಪುಗಳಲ್ಲಿ ಬಹುಪಾಲು ಇಂಗ್ಲಿಷ್ ಬಾರದೆ ಆದವಲ್ಲ, ಕನ್ನಡ ಚೆನ್ನಾಗಿ ಬರುವುದರಿಂದ ಆದವು. ಕನ್ನಡದಲ್ಲಿ ಕೆಲಸ ಮಾಡಿದವರು ಯಾರು ಎಂಬುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ. ಒಂದೇ ಪ್ರತ್ಯಯ ನಾಲ್ಕು ಕಡೆ ದುಡಿಯುತ್ತದೆ. ‘ಅಂತ’ ಎಂಬ ಎರಡಕ್ಷರ ಇಡೀ ಮಾತನ್ನು ಕಟ್ಟಿ ಹಾಕುತ್ತದೆ. ಈ ಅನುಕೂಲಗಳನ್ನು ನಂಬಿ ಇಂಗ್ಲಿಷ್ ಬರೆದಾಗ ವಾಕ್ಯ ಕುಂಟುತ್ತದೆ. ಬರೆದವರಿಗೆ ಅದು ಕಾಣುವುದಿಲ್ಲ, ತಿರುಗಿ ಓದುವಾಗಲೂ ಒಳಗೆ ಕನ್ನಡವೇ ಕೇಳಿಸುತ್ತಿರುತ್ತದೆ.

ಬೋರ್‌ವೆಲ್ ಮೋಟರ್ ನಿಂತಾಗ ಯಾರೂ ಮೊದಲೇ ಪೈಪು ಎತ್ತಿಸುವುದಿಲ್ಲ. ಕರೆಂಟ್ ಇದೆಯೇ, ಫ್ಯೂಸ್ ಹೋಗಿದೆಯೇ ಎಂದು ನೋಡುತ್ತಾರೆ. ಇಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ. ಒಂದು ವಾಕ್ಯದಲ್ಲಿ ಒಂದು ತಪ್ಪು ಸಿಕ್ಕಿತೆಂದು ಪೂರ್ತಿ ಕಾಗದ ಹರಿದು ಹೊಸದಾಗಿ ಬರೆಯಬೇಡಿ. ಹೊಸದರಲ್ಲಿ ಹೊಸ ತಪ್ಪು ಸೇರುತ್ತದೆ.

ಎಲ್ಲಕ್ಕೂ ಮೊದಲು: ಈ ಕಾಗದ ಇಂಗ್ಲಿಷಿನಲ್ಲೇ ಇರಬೇಕೇ?

ತಹಶೀಲ್ದಾರ್ ಕಚೇರಿಗೋ ಭೂಸ್ವಾಧೀನ ಕಚೇರಿಗೋ ಕೊಡುವ ಅರ್ಜಿ ಇಂಗ್ಲಿಷಿನಲ್ಲಿದ್ದರೆ ತೂಕ ಜಾಸ್ತಿ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಹೋಗಿಲ್ಲ. ರಾಜ್ಯದ ಆಡಳಿತ ಭಾಷೆ ಕನ್ನಡ, 1963ರ ರಾಜಭಾಷಾ ಕಾಯ್ದೆ ಅದನ್ನೇ ಹೇಳುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 6(1)ನೇ ಕಲಂ ಪ್ರಕಾರ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಕೊಡಬಹುದು. ಓದುವ ಗುಮಾಸ್ತರೂ ಕನ್ನಡಿಗರು, ಷರಾ ಬರೆಯುವ ಅಧಿಕಾರಿಯೂ ಕನ್ನಡದಲ್ಲೇ ಬರೆಯುತ್ತಾರೆ. ಅಂಥ ಕಡೆ ಕುಂಟುವ ಇಂಗ್ಲಿಷ್ ಬಿಟ್ಟು ನೆಟ್ಟಗಿನ ಕನ್ನಡ ಬರೆದರೆ ಕೆಲಸ ಬೇಗ ಆಗುತ್ತದೆ. ಮುಂದಿನ ತಪಾಸಣೆ ಇಂಗ್ಲಿಷ್ ಬೇಕೇ ಬೇಕು ಎನ್ನುವ ಕಾಗದಗಳಿಗೆ.

ಲಕ್ಷಣ: ಪದದ ಕೆಳಗೆ ಗೆರೆ ಬರುತ್ತಿದೆ, ಅಥವಾ ಒಂದೂ ಗೆರೆ ಬರುತ್ತಿಲ್ಲ

ವರ್ಡ್‌ನಲ್ಲಿ ಅಂಕುಡೊಂಕಾದ ಕೆಂಪು ಗೆರೆ ಬಂದರೆ ಸ್ಪೆಲಿಂಗ್ ಬಗ್ಗೆ ತಕರಾರು, ನೀಲಿ ಜೋಡಿ ಗೆರೆ ಬಂದರೆ ವ್ಯಾಕರಣದ ಬಗ್ಗೆ. ಹಳೆಯ ಆವೃತ್ತಿಗಳಲ್ಲಿ ವ್ಯಾಕರಣದ ಗೆರೆ ಹಸಿರು ಇರುತ್ತದೆ.

ಬ್ರಿಟಿಷ್ ಸ್ಪೆಲಿಂಗಿನಲ್ಲಿ ಸರಿಯಾಗಿ ಬರೆದ ‘ಕಲರ್’, ‘ಸೆಂಟರ್’ ಪದಗಳಿಗೂ ಕೆಂಪು ಗೆರೆ ಬಿದ್ದರೆ ಪರದೆಯ ಕೆಳಪಟ್ಟಿಯಲ್ಲಿ ಭಾಷೆ ಯಾವುದಿದೆ ನೋಡಿ. ಅಮೆರಿಕದ ಇಂಗ್ಲಿಷ್ ಎಂದಿದ್ದರೆ ತಪ್ಪು ನಿಮ್ಮದಲ್ಲ. ಕಂಟ್ರೋಲ್ ಜೊತೆ ಎ ಒತ್ತಿ ಎಲ್ಲವನ್ನೂ ಆಯ್ದುಕೊಂಡು, ರಿವ್ಯೂ ಮೆನುವಿನ ಲ್ಯಾಂಗ್ವೇಜ್‌ಗೆ ಹೋಗಿ, ಸೆಟ್ ಪ್ರೂಫಿಂಗ್ ಲ್ಯಾಂಗ್ವೇಜ್‌ನಲ್ಲಿ ಇಂಡಿಯಾದ ಇಂಗ್ಲಿಷ್ ಆರಿಸಿ. ಅರ್ಧ ಗೆರೆಗಳು ಅಲ್ಲಿಗೇ ಮಾಯ.

ಗೆರೆಯೇ ಇಲ್ಲದಿರುವುದು ಇದಕ್ಕಿಂತ ಕೆಟ್ಟ ಲಕ್ಷಣ. ನಮ್ಮಲ್ಲಿ ಅರ್ಜಿಯನ್ನು ಪೂರ್ತಿ ಕ್ಯಾಪಿಟಲ್ ಅಕ್ಷರಗಳಲ್ಲಿ ಟೈಪ್ ಮಾಡುವ ರೂಢಿ ಇದೆ. ವರ್ಡ್ ತಾನಾಗಿಯೇ ಇಟ್ಟುಕೊಂಡಿರುವ ಸೆಟ್ಟಿಂಗ್ ಪ್ರಕಾರ ಪೂರ್ತಿ ಕ್ಯಾಪಿಟಲ್‌ನಲ್ಲಿರುವ ಪದಗಳ ಸ್ಪೆಲಿಂಗನ್ನು ನೋಡುವುದೇ ಇಲ್ಲ. ಆದ್ದರಿಂದ ಪುಟ ಶುದ್ಧವಾಗಿ ಕಾಣುತ್ತದೆ. ಶಿಫ್ಟ್ ಹಿಡಿದು ಎಫ್3 ಒತ್ತಿ ಅಕ್ಷರಗಳನ್ನು ಸಣ್ಣವಾಗಿಸಿ ನೋಡಿ, ಅಡಗಿದ್ದವೆಲ್ಲ ಹೊರಗೆ ಬರುತ್ತವೆ.

ಇನ್ನು ಕೆಲವು ತಪ್ಪುಗಳನ್ನು ಯಾವ ಗೆರೆಯೂ ಹಿಡಿಯುವುದಿಲ್ಲ, ಏಕೆಂದರೆ ತಪ್ಪಾಗಿ ಬಿದ್ದ ಪದವೂ ಇಂಗ್ಲಿಷಿನಲ್ಲಿ ಇದ್ದೇ ಇದೆ. ‘ಫ್ರಮ್’ ಬರೆಯುವಲ್ಲಿ ಅಕ್ಷರ ಅದಲುಬದಲಾಗಿ ‘ಫಾರ್ಮ್’ ಆಗುವುದು ಎಲ್ಲಕ್ಕಿಂತ ಸಾಮಾನ್ಯ. ಕಾಲೇಜಿನ ಪ್ರಿನ್ಸಿಪಲ್‌ಗೆ ಬರೆಯುವಾಗ ಕೊನೆಗೆ ಪಿ-ಎ-ಎಲ್ ಬರಬೇಕು. ಪಿ-ಎಲ್-ಇ ಬರೆದರೆ ಅದು ತತ್ವ, ನಿಯಮ ಎಂದಾಯಿತು. ರಜೆ ಕೇಳುವ ‘ಲೀವ್’ ಹೋಗಿ ಬದುಕುವ ‘ಲಿವ್’ ಆಗಿರುವ ಅರ್ಜಿಗಳಂತೂ ಸಾಕಷ್ಟು. ಇವಕ್ಕೆ ಮದ್ದು ಒಂದೇ: ಪ್ರಿಂಟ್ ತೆಗೆದು, ಬೆರಳಿಟ್ಟು, ಕೊನೆಯ ವಾಕ್ಯದಿಂದ ಮೊದಲ ವಾಕ್ಯದ ಕಡೆಗೆ ಓದುವುದು. ಕತೆ ಗೊತ್ತಿಲ್ಲದ ಹಾಗೆ ಓದಿದಾಗ ಅಕ್ಷರ ಕಾಣುತ್ತದೆ.

ಊರಿನ ಹೆಸರಿನ ಗೆರೆಯನ್ನು ನಂಬಿ ಕೈಹಾಕಬೇಡಿ. ಬೆಳಗಾವಿ, ವಿಜಯಪುರ ಎಂಬ ಹೆಸರುಗಳು ಇಂಗ್ಲಿಷಿನಲ್ಲಿ ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಮಾರ್ಕ್ಸ್ ಕಾರ್ಡಿನಲ್ಲಿ ಬೆಲ್ಗಾಂ, ಬಿಜಾಪುರ್ ಎಂದೇ ಇರುತ್ತದೆ. ದಾಖಲೆಯಲ್ಲಿರುವ ಹೆಸರನ್ನು ಉಲ್ಲೇಖಿಸುವಾಗ ಅದರಲ್ಲಿ ಇದ್ದಂತೆಯೇ ಬರೆಯಿರಿ, ವಿಳಾಸ ಬರೆಯುವಾಗ ಈಗಿನದನ್ನು ಬರೆಯಿರಿ. ನಿಮ್ಮ ಸ್ವಂತ ಹೆಸರಿನ ಸ್ಪೆಲಿಂಗ್ ಆಧಾರ್‌ನಲ್ಲಿ ಇರುವಂತೆ ಇದೆಯೇ ಎಂಬುದನ್ನು ಮಷೀನಿಗೆ ಬಿಡದೆ ಕಣ್ಣಾರೆ ನೋಡಿ.

ಲಕ್ಷಣ: ಓದಿದವರು ತಿರುಗಿ “ಯಾರು?” ಎಂದು ಕೇಳುತ್ತಾರೆ

ಇಡೀ ಕೈಪಿಡಿಯಲ್ಲಿ ಹೆಚ್ಚು ಹಾನಿ ಮಾಡುವ ದೋಷ ಇದು, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಸುಲಭದ್ದು. “ಅರ್ಜಿ ಕಳಿಸಿದ್ದೇನೆ” ಎಂದರೆ ಕಳಿಸಿದವನು ನಾನೇ ಎಂಬುದು ಕ್ರಿಯಾಪದದ ಬಾಲದಲ್ಲಿದೆ. ಇಂಗ್ಲಿಷಿನಲ್ಲಿ “ಹ್ಯಾವ್ ಸೆಂಟ್ ದಿ ಅಪ್ಲಿಕೇಶನ್” ಎಂದು ನಿಲ್ಲಿಸಿದರೆ ತಲೆಯೇ ಇಲ್ಲದ ವಾಕ್ಯ. ಪ್ರತಿ ವಾಕ್ಯದ ಕ್ರಿಯಾಪದದ ಮೇಲೆ ಪೆನ್ಸಿಲ್ ಇಟ್ಟು “ಯಾರು?” ಎಂದು ಕೇಳಿ. ಉತ್ತರ ಅದೇ ವಾಕ್ಯದಲ್ಲಿ, ಕ್ರಿಯಾಪದದ ಹಿಂದೆಯೇ ಇರಬೇಕು. ಮಳೆ, ಬಿಸಿಲು, ಹೊತ್ತು, ದೂರ ಇವುಗಳ ಮಾತಿನಲ್ಲಿ ಮಾಡುವವರು ಯಾರೂ ಇಲ್ಲದಿದ್ದರೂ ‘ಇಟ್’ ಎಂಬುದನ್ನು ತಂದು ಕೂರಿಸಲೇಬೇಕು.

ಗೌರವದ ತೊಂದರೆ ಇನ್ನೊಂದು. ತಂದೆಯನ್ನು ನಾವು ‘ಅವರು’ ಎನ್ನುತ್ತೇವೆ. ಅದೇ ಅಭ್ಯಾಸದಲ್ಲಿ “ಮೈ ಫಾದರ್ ಈಸ್ ಇಲ್. ದೇ ಆರ್ ಇನ್ ಹಾಸ್ಪಿಟಲ್” ಎಂದು ಬರೆದರೆ ಓದುವ ಮ್ಯಾನೇಜರು ಇನ್ನೂ ಯಾರ್ಯಾರು ಆಸ್ಪತ್ರೆಯಲ್ಲಿದ್ದಾರೆ ಎಂದು ಹುಡುಕುತ್ತಾರೆ. ‘ಹೀ’ ಎಂದರೆ ಇಂಗ್ಲಿಷಿನಲ್ಲಿ ಅಗೌರವವಿಲ್ಲ. ಕೈ ನಡುಗದೆ ಬರೆಯಿರಿ.

ಇದಕ್ಕಿಂತ ಒಳಗಿನ ದೋಷ ‘ಬಿದ್ದು’, ‘ಹೋಗಿ’, ‘ಮಾಡಿ’ ರೂಪಗಳಿಂದ ಬರುತ್ತದೆ. “ಅಕಾಲಿಕ ಮಳೆ ಬಿದ್ದು ದ್ರಾಕ್ಷಿ ಸೀಳಿದವು” ಎಂಬುದು ಕನ್ನಡದಲ್ಲಿ ಸರಿಯಾಗಿದೆ; ಬಿದ್ದದ್ದು ಮಳೆ, ಸೀಳಿದ್ದು ದ್ರಾಕ್ಷಿ. ಇದನ್ನೇ ವಿಮೆ ಕಂಪನಿಗೆ “ಹ್ಯಾವಿಂಗ್ ರೇನ್ಡ್ ಹೆವಿಲಿ, ದಿ ಗ್ರೇಪ್ಸ್ ಕ್ರ್ಯಾಕ್ಡ್” ಎಂದು ಬರೆದರೆ ಮಳೆ ಸುರಿಸಿದ್ದು ದ್ರಾಕ್ಷಿಯೇ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ವಾಕ್ಯದ ಮೊದಲ ತುಂಡಿನಲ್ಲಿ ಹೆಸರಿಲ್ಲದಿದ್ದರೆ ಅಲ್ಪವಿರಾಮದ ಆಚೆ ಬರುವ ಮೊದಲ ಹೆಸರೇ ಆ ಕೆಲಸವನ್ನೂ ಮಾಡಿದಂತೆ ಲೆಕ್ಕ. ಪರಿಹಾರ ಸುಲಭ: ‘ಇಂಗ್’ ಕಿತ್ತು ಎರಡು ಪೂರ್ತಿ ಮಾತು ಮಾಡಿ ‘ಅಂಡ್’ ಹಾಕಿ ಸೇರಿಸಿ. “ಇಟ್ ರೇನ್ಡ್ ಹೆವಿಲಿ ಅಂಡ್ ದಿ ಗ್ರೇಪ್ಸ್ ಕ್ರ್ಯಾಕ್ಡ್.” ನೋಡಲು ಸಾದಾ ಆಯಿತು ಎಂದು ಮುಖ ಸಿಂಡರಿಸುವವರಿದ್ದಾರೆ. ಕ್ಲೇಮ್ ಪಾಸಾಗಲು ಸಾದಾ ಸಾಕು.

ಈಗ ಎಲ್ಲಕ್ಕಿಂತ ಅಪಾಯದ್ದು. “ದುಡ್ಡು ನಾ ವಾಪಸ್ ಕೊಡ್ತೀನಿ ಅಂತ ಹೇಳಿದ” ಎಂದು ನಾವು ಹೇಳಿದಾಗ ಆ ‘ನಾ’ ಹೇಳಿದವನದು, ನಮ್ಮದಲ್ಲ. ಅವನ ಮಾತನ್ನು ಅವನ ಬಾಯಲ್ಲಿ ಇದ್ದಂತೆಯೇ ಎತ್ತಿ ‘ಅಂತ’ ಹಾಕಿ ಕಟ್ಟಿಬಿಡುತ್ತೇವೆ. ಇದನ್ನು ದೂರಿನಲ್ಲಿ “ಹೀ ಟೋಲ್ಡ್ ಮಿ ದಟ್ ಐ ವಿಲ್ ರಿಟರ್ನ್ ದಿ ಮನಿ” ಎಂದು ಬರೆದರೆ ದುಡ್ಡು ಕೊಡಬೇಕಾದವರು ನೀವೇ ಆಗುತ್ತೀರಿ. ಇಂಗ್ಲಿಷಿನಲ್ಲಿ ‘ದಟ್’ ಬಂದ ಮೇಲೆ ‘ಐ’ ಎಂದರೆ ಕಾಗದ ಬರೆದವರು. ಸರಿಯಾದದ್ದು: “ಹೀ ಟೋಲ್ಡ್ ಮಿ ದಟ್ ಹೀ ವುಡ್ ರಿಟರ್ನ್ ದಿ ಮನಿ.” ಸಾಲದ ವಿಷಯ, ಜಮೀನಿನ ಮಾತುಕತೆ, ಪೊಲೀಸ್ ದೂರು, ಇಂಥವುಗಳಲ್ಲಿ ‘ದಟ್’ ಇರುವ ಪ್ರತಿ ವಾಕ್ಯವನ್ನೂ ನಿಲ್ಲಿಸಿ ನೋಡಿ. ಅದರ ಮುಂದಿನ ‘ಐ’, ‘ಹೀ’, ‘ದೇ’ ಯಾರು ಎಂದು ಪಕ್ಕದಲ್ಲಿ ಪೆನ್ಸಿಲಿನಿಂದ ಹೆಸರು ಬರೆಯಿರಿ. ಹೆಸರು ಬರೆಯಲು ನಿಮಗೇ ತಡವರಿಸಿದರೆ ಸರ್ವನಾಮ ತೆಗೆದು ಹೆಸರನ್ನೇ ಹಾಕಿ. ಒಂದೇ ಹೆಸರು ಹತ್ತು ಸಲ ಬಂದರೂ ಇಂಥ ಕಾಗದದಲ್ಲಿ ಬಾಧಕವಿಲ್ಲ.

ಲಕ್ಷಣ: “ಈಗಲೂ ಮಾಡ್ತೀರೋ, ಬಿಟ್ಟೀರೋ?” ಎಂದು ಕೇಳುತ್ತಾರೆ

ಇದು ಕಾಲದ ದೋಷ. “2019ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ” ಎಂಬುದರ ‘ಮಾಡುತ್ತಿದ್ದೇನೆ’ ನೋಡಿಕೊಂಡು “ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 2019” ಎನ್ನುತ್ತೇವೆ. ಬಯೊಡೇಟಾಗಳಲ್ಲಿ ಇದಕ್ಕಿಂತ ಹೆಚ್ಚು ಕಾಣುವ ವಾಕ್ಯ ಇನ್ನೊಂದಿಲ್ಲ. ಹಿಂದೆ ಶುರುವಾಗಿ ಇಂದಿಗೂ ನಡೆದಿರುವುದಕ್ಕೆ ಇಂಗ್ಲಿಷಿನಲ್ಲಿ ಬೇರೆಯೇ ರೂಪವಿದೆ: “ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2019.” ಜೊತೆಗೆ ನಮ್ಮ ‘ಇಂದ’ ಇಲ್ಲಿ ಎರಡಾಗಿ ಒಡೆಯುತ್ತದೆ. ಶುರುವಾದ ಹೊತ್ತು ಹೇಳಿದರೆ ‘ಸಿನ್ಸ್’, ಕಳೆದ ಅವಧಿ ಹೇಳಿದರೆ ‘ಫಾರ್’. “ಸಿನ್ಸ್ ಫೈವ್ ಇಯರ್ಸ್” ತಪ್ಪು, “ಫಾರ್ ಫೈವ್ ಇಯರ್ಸ್” ಸರಿ.

ದಿನಾಂಕ ಹೇಳಿ ‘ಹ್ಯಾವ್’ ಹಾಕಬೇಡಿ. “ಐ ಹ್ಯಾವ್ ಪೇಡ್ ದಿ ಫೀಸ್ ಆನ್ 12 ಜೂನ್” ಎಂಬಲ್ಲಿ ‘ಹ್ಯಾವ್’ ತೆಗೆದರೆ ಕೆಲಸ ಮುಗಿಯಿತು.

‘ಹ್ಯಾಡ್’ ಮಾತ್ರ ನಮ್ಮವರಿಗೆ ಬಹಳ ಪ್ರೀತಿ. “ಹೋದ ವಾರ ಅರ್ಜಿ ಕೊಟ್ಟಿದ್ದೆ” ಎಂಬುದರಿಂದ ಬರುತ್ತದೆ ಅದು. “ಐ ಹ್ಯಾಡ್ ಗಿವನ್ ಆ್ಯನ್ ಅಪ್ಲಿಕೇಶನ್ ಲಾಸ್ಟ್ ವೀಕ್” ಎಂದು ಬರೆದು ನಿಲ್ಲಿಸಿದರೆ ಓದುವವರು ಮುಂದೇನಾಯಿತು ಎಂದು ಕಾಯುತ್ತಾರೆ, ಏಕೆಂದರೆ ‘ಹ್ಯಾಡ್’ ಬಂದರೆ ಅದರ ನಂತರ ಇನ್ನೊಂದು ಘಟನೆ ನಡೆದಿರಬೇಕು. ಆ ಎರಡನೇ ಘಟನೆ ನಿಮ್ಮ ಕಾಗದದಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ “ಐ ಗೇವ್” ಸಾಕು.

‘ಡಿಡ್ ನಾಟ್’ ಎಂಬುದರ ಮುಂದೆ ಮತ್ತೆ ಭೂತಕಾಲ ಬೇಡ; “ಡಿಡ್ ನಾಟ್ ರಿಸೀವ್ಡ್” ಅಲ್ಲ, “ಡಿಡ್ ನಾಟ್ ರಿಸೀವ್.” “ಐ ಆಮ್ ನೋಯಿಂಗ್”, “ಐ ಆಮ್ ಹ್ಯಾವಿಂಗ್ ಟೂ ಎಕರ್ಸ್” ಇವೂ ಬೇಡ. ತಿಳಿದಿರುವುದು, ಇರುವುದು, ಬೇಕಾಗಿರುವುದು ಇವೆಲ್ಲ ಸ್ಥಿತಿಗಳು, ‘ಇಂಗ್’ ಹಿಡಿಸುವುದಿಲ್ಲ. ಊಟ, ಸ್ನಾನದಂಥ ಕೆಲಸ ನಡೆಯುತ್ತಿದ್ದರೆ ‘ಹ್ಯಾವಿಂಗ್’ ನಡೆಯುತ್ತದೆ.

ಲಕ್ಷಣ: ಮಾಲು ತಡವಾಯಿತು ಎನ್ನುತ್ತಾರೆ, ನಿಮ್ಮ ಲೆಕ್ಕದಲ್ಲಿ ಇನ್ನೂ ಟೈಮ್ ಇದೆ

ಕೊಟೇಶನ್, ಆರ್ಡರ್, ಟೆಂಡರ್ ಕಾಗದಗಳಲ್ಲಿ ಈ ಜಗಳ ಹುಟ್ಟುವುದು ‘ಒಳಗೆ’ ಮತ್ತು ‘ತನಕ’ ಎಂಬ ನಮ್ಮ ಪದಗಳಿಂದ. “15ರ ಒಳಗೆ ಕಳಿಸುತ್ತೇವೆ” ಎಂಬುದಕ್ಕೆ “ವಿದಿನ್ 15ತ್” ಎಂದೋ “ಟಿಲ್ 15ತ್” ಎಂದೋ ಬರೆಯುತ್ತಾರೆ. ‘ವಿದಿನ್’ ಮುಂದೆ ಅವಧಿ ಬರಬೇಕು, ಹತ್ತು ದಿನ, ಎರಡು ವಾರ ಎಂದು. ತಾರೀಖಿಗೆ ‘ಬೈ’ ಬೇಕು. ‘ಟಿಲ್’ ಎಂದರೆ ಅಲ್ಲಿಯವರೆಗೂ ಕಳಿಸುತ್ತಲೇ ಇರುತ್ತೀರಿ ಎಂದಾಗುತ್ತದೆ. ಅವಧಿ ಬರೆದರೆ ಅದು ಯಾವತ್ತಿನಿಂದ ಎಂಬುದನ್ನೂ ಬರೆಯಿರಿ: ಆರ್ಡರ್ ಬಂದ ದಿನದಿಂದಲೋ, ಅಡ್ವಾನ್ಸ್ ಜಮೆಯಾದ ದಿನದಿಂದಲೋ?

ತಾರೀಖನ್ನು 05/06 ಎಂದು ಬರೆದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳನ್ನು ಅಕ್ಷರದಲ್ಲೇ ಬರೆದುಬಿಡಿ. ‘ನೆಕ್ಸ್ಟ್ ಫ್ರೈಡೇ’ ಬೇಡವೇ ಬೇಡ, ಇಂಗ್ಲಿಷ್ ಮಾತೃಭಾಷೆಯವರೇ ಅದರ ಅರ್ಥದಲ್ಲಿ ಒಮ್ಮತಕ್ಕೆ ಬರುವುದಿಲ್ಲ. ಹೊರದೇಶದ ಖರೀದಿದಾರರಿಗೆ ಲಕ್ಷ, ಕೋಟಿ ತಿಳಿಯದು. 12,50,000 ಎಂಬಲ್ಲಿನ ಅಲ್ಪವಿರಾಮದ ಜಾಗವೂ ಅವರಿಗೆ ವಿಚಿತ್ರ. ಅವರಿಗೆ ಅದು 1.25 ಮಿಲಿಯನ್, ಬರೆಯುವುದು 1,250,000. ಜೊತೆಗೆ ಯಾವ ದೇಶದ ಹಣ ಎಂಬುದನ್ನು ಬಿಡಬೇಡಿ.

ಇದೇ ಕಾಗದಗಳಲ್ಲಿ ಕಾಣುವ ಇನ್ನೊಂದು ಮೋಸದ ವಾಕ್ಯ: “ಆಲ್ ದಿ ಬಾಕ್ಸಸ್ ಆರ್ ನಾಟ್ ಡ್ಯಾಮೇಜ್ಡ್.” ಒಂದೂ ಹಾಳಾಗಿಲ್ಲವೋ, ಕೆಲವು ಹಾಳಾಗಿವೆಯೋ? ಎರಡೂ ಅರ್ಥ ಬರುತ್ತದೆ. ಒಂದೂ ಇಲ್ಲ ಎನ್ನಲು ‘ನನ್ ಆಫ್ ದಿ ಬಾಕ್ಸಸ್’ ಬಳಸಿ. ಕೆಲವು ಎನ್ನಲು ಎಷ್ಟು ಎಂಬ ಅಂಕಿಯನ್ನೇ ಕೊಡಿ.

ಲಕ್ಷಣ: ಅರ್ಥವಾಗುತ್ತದೆ, ಆದರೆ ಕಲ್ಲು ಸಿಕ್ಕಿದ ಅನ್ನದಂತೆ ಓದಿಸುತ್ತದೆ

ಸಣ್ಣ ಪದಗಳು ತಪ್ಪಿವೆ ಎಂದರ್ಥ. ಅರ್ಥ ಕೆಡುವುದು ಅಪರೂಪ, ಹಾಗಾಗಿ ಮೇಲಿನವೆಲ್ಲ ಮುಗಿದ ಮೇಲೆ ಇದಕ್ಕೆ ಬನ್ನಿ.

‘ಎ’ ಹಾಕಬೇಕೋ ‘ಆ್ಯನ್’ ಹಾಕಬೇಕೋ ಎಂಬುದಕ್ಕೆ ನಮ್ಮ ಲಿಪಿಯೇ ಒಳ್ಳೆಯ ಪರೀಕ್ಷೆ. ಮುಂದಿನ ಪದವನ್ನು ಕನ್ನಡದಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ಯೂನಿವರ್ಸಿಟಿ ಎಂಬಲ್ಲಿ ‘ಯ’ ಇದೆ, ಆದ್ದರಿಂದ ‘ಎ ಯೂನಿವರ್ಸಿಟಿ’. ಅವರ್, ಆನರ್, ಎಂಎಲ್ಎ, ಎಸ್‌ಪಿ ಎಲ್ಲ ಸ್ವರದಿಂದ ಶುರು, ಆದ್ದರಿಂದ ‘ಆ್ಯನ್’. ಇಂಗ್ಲಿಷ್ ಅಕ್ಷರ ನೋಡಿ ತಲೆಕೆಡಿಸಿಕೊಳ್ಳುವವರಿಗೆ ಸಿಗದ ಅನುಕೂಲ ಇದು. ಒಂದೇ ಎಚ್ಚರಿಕೆ: ನಮ್ಮ ನಾಲಿಗೆ ಎಂಜಿನಿಯರ್‌ನನ್ನು ‘ಯೆಂಜಿನಿಯರ್’ ಮಾಡುತ್ತದೆ, ‘ವನ್’ ಎಂಬುದನ್ನು ‘ಒನ್’ ಎಂದು ಬರೆಸುತ್ತದೆ. ನಾಲಿಗೆ ನಂಬದೆ ನಿಘಂಟಿನ ಉಚ್ಚಾರ ಕೇಳಿ ಬರೆಯಿರಿ.

‘ದಿ’ ಹಾಕಲು “ಯಾವುದು?” ಎಂದು ಕೇಳಿ. ಓದುವವರಿಗೆ ಆಗಲೇ ಗೊತ್ತಿದ್ದರೆ ‘ದಿ’, ಮೊದಲ ಸಲ ಹೇಳುತ್ತಿದ್ದರೆ ‘ಎ’. “ಐ ಬಾಟ್ ಎ ಮೋಟರ್ ಇನ್ ಮಾರ್ಚ್. ದಿ ಮೋಟರ್ ಸ್ಟಾಪ್ಡ್ ಇನ್ ಜೂನ್.” ಊರಿನ ಹೆಸರಿಗೆ ‘ದಿ’ ಬೇಡ, ನದಿಗೆ ಬೇಕು: ಬಾಗಲಕೋಟೆಗೆ ಇಲ್ಲ, ಘಟಪ್ರಭೆಗೆ ಉಂಟು.

ವಿಭಕ್ತಿ ಪ್ರತ್ಯಯಗಳೂ ಇಂಗ್ಲಿಷಿಗೆ ನುಸುಳುತ್ತವೆ. ‘ಬೆಳಗಾವಿಗೆ ತಲುಪಿದೆ’ ಎಂಬಲ್ಲಿನ ‘ಗೆ’ ಹೋಗಿ “ರೀಚ್ಡ್ ಟು ಬೆಳಗಾವಿ” ಆಗುತ್ತದೆ, ‘ಸಭೆಗೆ ಹಾಜರಾದೆ’ ಎಂಬುದು “ಅಟೆಂಡೆಡ್ ಟು ದಿ ಮೀಟಿಂಗ್”, ‘ಅದರ ಬಗ್ಗೆ ಚರ್ಚಿಸಿದೆವು’ ಎಂಬುದು “ಡಿಸ್ಕಸ್ಡ್ ಅಬೌಟ್”. ಮೂರರಲ್ಲೂ ನಡುವಿನ ಸಣ್ಣ ಪದ ಕಿತ್ತುಹಾಕಿ. ‘ಅವರ ಜೊತೆ ಮದುವೆ’ ಮಾತ್ರ ‘ಮ್ಯಾರೀಡ್ ಟು’, ‘ವಿತ್’ ಅಲ್ಲ. ಇದಕ್ಕೆಲ್ಲ ನಿಯಮ ಹುಡುಕುತ್ತ ಕೂರಬೇಡಿ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟಿನಲ್ಲಿ ಕ್ರಿಯಾಪದದ ಮುಂದೆ ಏನು ಬರುತ್ತದೆಂದು ಮಾದರಿ ವಾಕ್ಯ ಕೊಟ್ಟಿರುತ್ತಾರೆ, ಫೋನಿನಲ್ಲೇ ಪುಕ್ಕಟೆ ಸಿಗುತ್ತದೆ. ಫರ್ನಿಚರ್, ಇನ್ಫರ್ಮೇಶನ್, ಲಗೇಜ್, ಈಕ್ವಿಪ್‌ಮೆಂಟ್ ಇವುಗಳಿಗೆ ಬಹುವಚನದ ‘ಎಸ್’ ಇಲ್ಲ ಎಂಬುದೂ ಅದರಲ್ಲೇ ಗುರುತು ಹಾಕಿರುತ್ತದೆ. ‘ಒನ್ ಆಫ್ ಮೈ’ ಎಂದಮೇಲೆ ಮಾತ್ರ ‘ಫ್ರೆಂಡ್ಸ್’ ಬೇಕೇ ಬೇಕು.

‘ಇಲ್ಲೇ’, ‘ಅವನೇ’ ಎಂಬ ನಮ್ಮ ಒತ್ತು ಕೊಡುವ ಏಕಾರ ‘ಹಿಯರ್ ಓನ್ಲಿ’, ‘ಹೀ ಓನ್ಲಿ’ ಆಗುತ್ತದೆ. ಬೆಳಗಾವಿ ಕಡೆ ಮರಾಠಿಯೂ ಇದಕ್ಕೆ ಇಂಬು ಕೊಡುತ್ತದೆ. ‘ಓನ್ಲಿ’ ಅಳಿಸಿ ನೋಡಿ, ಬಹಳ ಸಲ ಏನೂ ಕಳೆಯುವುದಿಲ್ಲ.

ಲಕ್ಷಣ: ವ್ಯಾಕರಣ ಸರಿ ಇದೆ, ಓದಿದವರಿಗೆ ನಗು ಇಲ್ಲವೇ ಸಿಟ್ಟು

“ಕೈಂಡ್ಲಿ ಡು ದಿ ನೀಡ್‌ಫುಲ್”, “ಔಟ್ ಆಫ್ ಸ್ಟೇಶನ್”, “ಪಾಸ್ಡ್ ಔಟ್ ಇನ್ 2020”, “ಪ್ರಿಪೋನ್”. ಇವನ್ನು ತಪ್ಪು ಎಂದು ಗೇಲಿ ಮಾಡುವವರ ಜೊತೆ ನಾನಿಲ್ಲ. ಇವು ಭಾರತದ ಇಂಗ್ಲಿಷ್, ‘ಪ್ರಿಪೋನ್’ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದೆ. ಬ್ಯಾಂಕಿಗೆ, ಕಾಲೇಜಿಗೆ, ಹುಬ್ಬಳ್ಳಿಯ ಡೀಲರಿಗೆ ಬರೆಯುವಾಗ ಇರಲಿ ಬಿಡಿ. ಆದರೆ ಕಾಗದ ಸಮುದ್ರ ದಾಟುವುದಾದರೆ ತೆಗೆಯಿರಿ. ಅಲ್ಲಿ ‘ಪಾಸ್ಡ್ ಔಟ್’ ಎಂದರೆ ಮೂರ್ಛೆ ಹೋದದ್ದು, ‘ಗ್ರ್ಯಾಜುಯೇಟೆಡ್’ ಎಂದು ಬರೆಯಿರಿ. ‘ಡು ದಿ ನೀಡ್‌ಫುಲ್’ ಎಂಬುದರ ನಿಜವಾದ ತೊಂದರೆ ಹಳತಾದದ್ದಲ್ಲ, ಏನು ಮಾಡಬೇಕು ಎಂದು ಅದು ಹೇಳುವುದೇ ಇಲ್ಲ. ಸಹಿ ಬೇಕೋ, ಹಣ ಬೇಕೋ, ಬರೆದುಬಿಡಿ.

ಸಿಟ್ಟಿನ ಕಾರಣ ಬೇರೆ. ‘ಕಳಿಸಬೇಕು’ ಎಂಬ ನಮ್ಮ ‘ಬೇಕು’ ಮೆತ್ತಗಿದೆ. “ಯು ಶುಡ್ ಸೆಂಡ್” ಆಜ್ಞೆಯಂತೆ ಕೇಳಿಸುತ್ತದೆ. ನಮ್ಮ ‘ರೀ’ಗೆ ಇಂಗ್ಲಿಷಿನಲ್ಲಿ ಜಾಗವಿಲ್ಲದ ಕಾರಣ ‘ಪ್ಲೀಸ್ ಕೈಂಡ್ಲಿ’ ಎಂದು ಎರಡನ್ನೂ ಪೇರಿಸುತ್ತೇವೆ. ಒಂದು ಸಾಕು. “ಕುಡ್ ಯು ಪ್ಲೀಸ್ ಸೆಂಡ್” ಎಂದು ಪ್ರಶ್ನೆಯಾಗಿ ಕೇಳಿದರೆ ಮರ್ಯಾದೆ ತಾನಾಗಿ ಬರುತ್ತದೆ.

ಲಕ್ಷಣ: ಇಂಗ್ಲಿಷ್ ತೀರಾ ಚೊಲೋ ಐತಿ, ಆದರೆ ನಾನು ಹೇಳಿದ್ದು ಇದಲ್ಲ

ಗೂಗಲ್ ಟ್ರಾನ್ಸ್‌ಲೇಟ್ ಅಥವಾ ಚಾಟ್‌ಜಿಪಿಟಿ ಮಾಡಿಕೊಟ್ಟ ಕಾಗದದ ಲಕ್ಷಣ ಇದು. ವ್ಯಾಕರಣ ಕೆಡದೆ ಅರ್ಥ ಕೆಟ್ಟಿರುವುದರಿಂದ ಹಿಡಿಯುವುದು ಕಷ್ಟ. ಕನ್ನಡ ವಾಕ್ಯದಲ್ಲಿ ‘ಯಾರು’ ಎಂಬುದು ಇಲ್ಲದಿದ್ದರೆ ಮಷೀನು ತಾನೇ ಒಬ್ಬರನ್ನು ತಂದು ಕೂರಿಸುತ್ತದೆ. ‘ಅವರು’ ಎಂಬುದು ಒಬ್ಬರೋ ಹಲವರೋ ಎಂದು ಊಹೆ ಮಾಡುತ್ತದೆ. ಆದ್ದರಿಂದ ಮಷೀನಿಗೆ ಕೊಡುವ ಮೊದಲೇ ಕನ್ನಡವನ್ನು ಬಿಡಿಸಿ ಬರೆಯಿರಿ: ನಾನು, ನೀವು, ಹೆಸರು, ತಾರೀಖು ಎಲ್ಲ ಇರಲಿ, ವಾಕ್ಯ ಚಿಕ್ಕದಿರಲಿ. ಬಂದದ್ದರಲ್ಲಿ ಹೆಸರು, ಅಂಕಿ, ‘ನಾಟ್’, ಯಾರು ಯಾರಿಗೆ ಕೊಡಬೇಕು ಎಂಬ ನಾಲ್ಕನ್ನು ಬೆರಳಿಟ್ಟು ತಾಳೆ ನೋಡಿ. ಅದೇ ಮಷೀನಿನಲ್ಲಿ ತಿರುಗಿ ಕನ್ನಡಕ್ಕೆ ತಂದು ನೋಡುವುದು ಒಂದು ಉಪಾಯ, ಆದರೆ ಹೋಗುವಾಗ ಮಾಡಿದ ತಪ್ಪನ್ನು ಬರುವಾಗ ಮುಚ್ಚಿಹಾಕುವುದೂ ಉಂಟು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲ ಒಬ್ಬರಿಗೆ ಕೊಟ್ಟು “ಇದರಾಗ ಏನೈತಿ, ಕನ್ನಡದಾಗ ಹೇಳ್ರಿ” ಎನ್ನುವುದು ಅದಕ್ಕಿಂತ ಗಟ್ಟಿ ಪರೀಕ್ಷೆ. ನೀವು ಮೊದಲೇ ವಿಷಯ ಹೇಳಿಬಿಟ್ಟರೆ ಪರೀಕ್ಷೆ ಕೆಟ್ಟಿತು.

ಪ್ರಾಜೆಕ್ಟ್ ರಿಪೋರ್ಟ್ ಬರೆಯುವವರಿಗೆ ಒಂದು ಮಾತು: ಒಂದು ಪ್ಯಾರಾ ನುಣುಪು, ಮುಂದಿನದು ಉಬ್ಬುತಗ್ಗು ಇದ್ದರೆ ಪರೀಕ್ಷಕರಿಗೆ ಯಾವ ಸಾಫ್ಟ್‌ವೇರೂ ಬೇಕಿಲ್ಲ, ಹೊಲಿಗೆ ಕಣ್ಣಿಗೇ ಕಾಣುತ್ತದೆ.

ಎಚ್ಚರಿಕೆ: ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಕಾಯಿಲೆಯ ವಿವರ, ಕೋರ್ಟಿನ ಕಾಗದ ಇವನ್ನು ಪುಕ್ಕಟೆ ತಿದ್ದಿಕೊಡುವ ತಾಣಗಳಿಗೆ ಅಂಟಿಸಬೇಡಿ. ಸಂಖ್ಯೆಯ ಜಾಗದಲ್ಲಿ ಎಕ್ಸ್ ಹಾಕಿ ತಿದ್ದಿಸಿ, ಆಮೇಲೆ ನಿಮ್ಮ ಕಂಪ್ಯೂಟರಿನಲ್ಲೇ ತುಂಬಿರಿ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಕೆಲಸ ಮಾಡಿದ್ದರೆ ಫೈಲ್ ಅಳಿಸಿ, ಮೇಲ್‌ನಿಂದ ಲಾಗೌಟ್ ಆಗಿ ಹೊರಡಿ.

ಎಲ್ಲಿ ಕೈಬಿಟ್ಟು ತಿಳಿದವರ ಬಳಿ ಹೋಗಬೇಕು

ಒಂದೇ ವಾಕ್ಯವನ್ನು ಮೂರು ಸಲ ತಿದ್ದಿಯೂ ಸಮಾಧಾನವಾಗದಿದ್ದರೆ ದೋಷ ಇಂಗ್ಲಿಷಿನಲ್ಲಿಲ್ಲ, ಹೇಳಬೇಕಾದದ್ದೇ ನಿಮಗೆ ಇನ್ನೂ ಖಚಿತವಾಗಿಲ್ಲ. ಅದನ್ನು ಮೊದಲು ಕನ್ನಡದಲ್ಲಿ ಒಬ್ಬರ ಮುಂದೆ ಬಾಯಲ್ಲಿ ಹೇಳಿ ನೋಡಿ. ಸೇರ್ಪಡೆಯ ಅರ್ಜಿ, ಸಂಶೋಧನಾ ಲೇಖನ, ಕೆಲಸದ ಪತ್ರ ಇಂಥವಕ್ಕೆ ಕಾಲೇಜಿನ ಇಂಗ್ಲಿಷ್ ಉಪನ್ಯಾಸಕರು ಸಾಕು. ಅವರಿಗೆ ಪೂರ್ತಿ ಪುಟ ಕೊಟ್ಟು “ನೋಡ್ರಿ ಸರ್” ಎನ್ನುವ ಬದಲು ಅನುಮಾನ ಇರುವ ವಾಕ್ಯಗಳ ಕೆಳಗೆ ಗೆರೆ ಎಳೆದು ಕೊಡಿ.

ಕರಾರು, ಅಫಿಡವಿಟ್, ಲೀಗಲ್ ನೋಟಿಸಿಗೆ ಉತ್ತರ, ವಿಮೆಯ ತಕರಾರು, ತೆರಿಗೆ ಇಲಾಖೆಯ ಪತ್ರ ಇವುಗಳ ಇಂಗ್ಲಿಷನ್ನು ಚೆಂದ ಮಾಡಲು ಹೋಗಬೇಡಿ. ‘ಶಲ್’, ‘ಮೇ’, ‘ಅಂಡ್’, ‘ಆರ್’ ಇವುಗಳಲ್ಲಿ ಒಂದು ಬದಲಾದರೂ ಹೊಣೆ ಬದಲಾಗುತ್ತದೆ. ಒಡ್ಡೊಡ್ಡಾಗಿ ಕಂಡ ವಾಕ್ಯ ವಕೀಲರು ಬೇಕೆಂದೇ ಹಾಗೆ ಬರೆದದ್ದಿರಬಹುದು. ಕನ್ನಡದಲ್ಲಿ ಪೂರ್ತಿ ಓದಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿ. ಸಹಿಯಾದ ಮೇಲೆ ತಪ್ಪು ಕಂಡರೆ ವೈಟ್ನರ್ ಹಚ್ಚಬೇಡಿ, ನೀವೇ ಪೆನ್ನಿನಿಂದ ತಿದ್ದಲೂ ಬೇಡಿ. ಕಾಗದವನ್ನು ಇದ್ದಂತೆಯೇ ವಕೀಲರ ಅಥವಾ ನೋಟರಿಯ ಬಳಿ ತಗೊಂಡು ಹೋಗಿ. ಅದನ್ನೇ ತಿದ್ದಿ ಎಲ್ಲರ ಸಹಿ ಹಾಕಿಸಬೇಕೋ, ಹೊಸ ಸ್ಟ್ಯಾಂಪ್ ಪೇಪರ್ ತರಬೇಕೋ ಎಂಬುದನ್ನು ಅವರು ಹೇಳುತ್ತಾರೆ.